ಸನ್ಮಾನ ಸಾಕು, ಖರೀದಿ ಆದೇಶ ಕೊಡಿ
ಚಾಮರಾಜನಗರ ಜಿಲ್ಲೆಯ ಕೈಮಗ್ಗ ನೇಕಾರರ ಮತ್ತು ನೂಲುವವರ ಹಕ್ಕೊತ್ತಾಯ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,
(ಜಿಲ್ಲಾಧಿಕಾರಿಗಳ ಮೂಲಕ)

ಮಾನ್ಯರೇ,

2015ರಿಂದ ಪ್ರತಿ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸುತ್ತಿದ್ದೀರಿ. ವಯಸ್ಸಾದ ನೇಕಾರರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೀರಿ. ಮಿಲ್ಲಿನ ಶಾಲು ಹೊದಿಸಿದರೂ ನಾವು ನಗುತ್ತಲೇ ಹೊದ್ದುಕೊಂಡಿದ್ದೇವೆ. ಈ ಪತ್ರ ಬೇರೆ ವಿಚಾರದ್ದು.

ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಜರಿಯಂಚಿನ ಬಟ್ಟೆಗೆ ಆಗಲೇ ಹೆಸರಿತ್ತು. ಇತ್ತ ನಂಜನಗೂಡು–ಚಾಮರಾಜನಗರ ರಸ್ತೆಯ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಗುಂಡ್ಲುಪೇಟೆ ಸೀಮೆಯ ಹೊಲಗಳಲ್ಲಿ ಹತ್ತಿ ಬೆಳೆಯುತ್ತದೆ. ಸಂತೇಮರಹಳ್ಳಿ, ಮಾಂಬಳ್ಳಿಗಳಲ್ಲಿ ಸರ್ಕಾರದ್ದೇ ರೇಷ್ಮೆ ನೂಲಿನ ಕಾರ್ಖಾನೆಗಳಿವೆ. ಹತ್ತಿಯಿದೆ, ರೇಷ್ಮೆಯಿದೆ, ಕೈಯಿದೆ. ಇವನ್ನೆಲ್ಲ ಒಂದು ವ್ಯಾಪಾರವಾಗಿ ಹೆಣೆಯುವ ವ್ಯವಸ್ಥೆ ಮಾತ್ರ ಇಲ್ಲ. 2019–20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಹೀಗಿರುವಾಗ ಮಕ್ಕಳು ಮಗ್ಗ ಬಿಟ್ಟು ಗಾರ್ಮೆಂಟ್ಸಿಗೆ ಹೋಗುವುದನ್ನು ತಪ್ಪೆನ್ನಲು ನಮಗೆ ಬಾಯಿಲ್ಲ.

ಆದ್ದರಿಂದ ನಮ್ಮ ಒತ್ತಾಯಗಳು:

1. ಸರ್ಕಾರವೇ ನಮ್ಮ ಮೊದಲ ಗಿರಾಕಿಯಾಗಬೇಕು. ಚಾಮರಾಜನಗರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹಾಸಿಗೆ ಹೊದಿಕೆ ಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ, ಹಾಸ್ಟೆಲ್ಲುಗಳಿಗೆ ಜಮಖಾನ, ಟವೆಲ್ಲು ಬೇಕು. ಕಚೇರಿಗಳಿಗೆ ಪರದೆ ಬೇಕು. ಮಹದೇಶ್ವರ ಬೆಟ್ಟದ ಪ್ರಾಧಿಕಾರಕ್ಕೆ ಪ್ರಸಾದದ ಚೀಲ, ಗಣ್ಯರಿಗೆ ಹೊದಿಸುವ ಶಾಲು ಬೇಕು. ಇದರಲ್ಲಿ ಯಾವುದೂ ಅಪರೂಪದ ಕುಸುರಿ ಕೆಲಸವಲ್ಲ. ಸಾದಾ ಹಾಸು, ಸಾದಾ ಹೊಕ್ಕು. ಹೊಸದಾಗಿ ಮಗ್ಗಕ್ಕೆ ಕೂತವರೂ ನೇಯಬಲ್ಲರು. ಮದುವೆ ಸೀರೆಯ ವ್ಯಾಪಾರ ಸೀಸನ್ ನೋಡಿ ಏರುತ್ತದೆ, ಇಳಿಯುತ್ತದೆ. ಆಸ್ಪತ್ರೆಯ ಹೊದಿಕೆ ವರ್ಷವಿಡೀ ಹರಿಯುತ್ತಲೇ ಇರುತ್ತದೆ, ವರ್ಷವಿಡೀ ಕೆಲಸ ಕೊಡುತ್ತದೆ. ಟೆಂಡರಿನಲ್ಲಿ ಕಡಿಮೆ ದರ ಕೂಗಿದವರಿಗೇ ಕೊಡಬೇಕೆಂಬ ಉತ್ತರ ನಮಗೆ ಗೊತ್ತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 4(ಜಿ) ಪ್ರಕರಣದಡಿ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಅದನ್ನು ಜಿಲ್ಲೆಯ ನೇಕಾರ ಸಹಕಾರ ಸಂಘಗಳಿಗೂ ಬಳಸಿ. ಆದೇಶ ಏಪ್ರಿಲ್‌ನಲ್ಲೇ ಬರಲಿ. ಮಾರ್ಚ್ ಕೊನೆಯಲ್ಲಿ ಅನುದಾನ ಮುಗಿಸಲೆಂದು ಬರುವ ಆದೇಶವನ್ನು ಮಿಲ್ಲು ಪೂರೈಸೀತು, ಮಗ್ಗಕ್ಕೆ ಆಗದು.

2. ಆದೇಶದ ಜೊತೆ ಮುಂಗಡ ಕೊಡಿ, ಉಳಿದದ್ದನ್ನು 45 ದಿನದೊಳಗೆ ಪಾವತಿಸಿ. 45 ದಿನ ನಮ್ಮ ಕಲ್ಪನೆಯಲ್ಲ; ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಕಾಯ್ದೆ ಕೊಟ್ಟಿರುವ ಗಡುವು. ಸಾಗರ ತಾಲ್ಲೂಕು ಭೀಮನಕೋಣೆಯ ಚರಕ ಸಂಸ್ಥೆಯನ್ನು ನೋಡಿ. ಹಳ್ಳಿಯ ಹೆಂಗಸರು ಬಣ್ಣ ಹಾಕಿ, ನೇಯ್ದು, ಹೊಲಿದ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ನಾಡಿನಲ್ಲಿ ಇಂಥದಕ್ಕೆ ಅದೇ ಮಾದರಿ. ಅಂಥ ಚರಕವೇ 2020ರಲ್ಲಿ ತಾನು ದಿವಾಳಿ ಎಂದು ಘೋಷಿಸಿಕೊಳ್ಳಬೇಕಾಯಿತು. ಬಟ್ಟೆ ಚೆನ್ನಾಗಿದ್ದರೆ ಸಾಲದು, ದುಡಿಯುವ ಬಂಡವಾಳ ಕೈಯಲ್ಲಿರಬೇಕು. ನೇಕಾರ ಮುದ್ರಾ ಯೋಜನೆಯ ಶೇ. 6ರ ಬಡ್ಡಿಯ ಸಾಲವನ್ನು ಖರೀದಿ ಆದೇಶದ ಪತ್ರದ ಮೇಲೆಯೇ ಕೊಡುವಂತೆ ಜಿಲ್ಲೆಯ ಲೀಡ್ ಬ್ಯಾಂಕಿಗೆ ಹೇಳಿ.

3. ಕೊಳ್ಳೇಗಾಲ ಮತ್ತು ಗುಂಡ್ಲುಪೇಟೆಯಲ್ಲಿ ನೂಲಿನ ಡಿಪೋ ತೆರೆಯಬೇಕು. ಲಡಿ ನೂಲಿಗೆ ಕೇಂದ್ರದ ಶೇ. 15ರ ಸಬ್ಸಿಡಿ ಇದೆ. ಅದು ಸಿಗಬೇಕಾದರೆ ನೂಲು ಮೊದಲು ನಮ್ಮ ಊರಿಗೆ ಬರಬೇಕಲ್ಲ! ಮಿಲ್ಲುಗಳು ಲಡಿ ರೂಪದಲ್ಲಿ ಕೊಡಬೇಕಾದ ಕಡ್ಡಾಯ ಪಾಲನ್ನು 2019ರಲ್ಲಿ ಶೇ. 40ರಿಂದ 30ಕ್ಕೆ ಇಳಿಸಿದ್ದನ್ನೂ ಹಿಂತೆಗೆಯುವಂತೆ ಕೇಂದ್ರಕ್ಕೆ ಬರೆಯಿರಿ. ಸಂತೇಮರಹಳ್ಳಿ, ಮಾಂಬಳ್ಳಿಯ ರೇಷ್ಮೆ ನೂಲಿನಲ್ಲಿ ಒಂದು ಪಾಲು ಕೊಳ್ಳೇಗಾಲದ ಮಗ್ಗಗಳಿಗೆ ಮೀಸಲಾಗಲಿ.

4. ಕೈಮಗ್ಗದ ಬಟ್ಟೆಯ ಜಿಎಸ್‌ಟಿ ತೆಗೆಯಬೇಕು. ಖಾದಿ ಆಯೋಗದ ಮಾನ್ಯತೆ ಪಡೆದ ಮಳಿಗೆಯಲ್ಲಿ ಮಾರುವ ಖಾದಿ ಬಟ್ಟೆಗೆ ತೆರಿಗೆಯಿಲ್ಲ. ಅದರ ಪಕ್ಕದ ಕೈಮಗ್ಗದ ಬಟ್ಟೆಗೆ ಶೇ. 5. ರಂಗಕರ್ಮಿ ಪ್ರಸನ್ನ 2017ರಲ್ಲಿ ಉಪವಾಸ ಕೂತದ್ದು ಕೈಉತ್ಪನ್ನಗಳಿಗೆ ಶೂನ್ಯ ಕರ ಕೇಳಿ. ಅದು ಜಿಎಸ್‌ಟಿ ಮಂಡಳಿಯ ಕೆಲಸ ಎನ್ನುವಿರಾದರೆ ಒಪ್ಪುತ್ತೇವೆ. ಆದರೆ ಅದರಲ್ಲಿ ಅರ್ಧ ರಾಜ್ಯದ ಪಾಲು. ಆ ಎರಡೂವರೆ ರೂಪಾಯಿಯನ್ನು ಸಂಘಗಳಿಗೆ ಮರಳಿಸಲು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.

5. ಗುಂಡ್ಲುಪೇಟೆಯ ಹತ್ತಿ ಇಲ್ಲಿಯೇ ನೂಲಾಗಬೇಕು. ಬೀಜ ಬಿಡಿಸುವ, ಹಿಂಜುವ, ನೂಲುವ ಒಂದು ಸಣ್ಣ ಘಟಕ ಸಾಕು. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅದಕ್ಕೂ, ಒಂದು ಬಣ್ಣದ ಮನೆಗೂ ಜಾಗ ಕೊಡಿ. ಬಣ್ಣದ ನೀರನ್ನು ಶುದ್ಧಗೊಳಿಸದೆ ಹೊರಗೆ ಬಿಡಬಾರದೆಂಬ ಷರತ್ತನ್ನು ನಾವೇ ಹಾಕಿಕೊಳ್ಳುತ್ತೇವೆ.

6. ಗುಂಡ್ಲುಪೇಟೆ ಹೆದ್ದಾರಿಯಲ್ಲಿ ನೇಕಾರರದೇ ಮಳಿಗೆ ಬೇಕು. ಊಟಿಗೂ ವಯನಾಡಿಗೂ ಹೋಗುವ ದಾರಿ ಕವಲಾಗುವುದು ಇಲ್ಲೇ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅದರಿಂದ ಯಾರಿಗೆ ಎಷ್ಟೇ ಬೇಸರವಿರಲಿ, ಪ್ರವಾಸಿಗರು ಅಂಗಡಿ ತೆರೆದಿರುವ ಹೊತ್ತಿನಲ್ಲೇ ಇಲ್ಲಿ ಹಾಯುತ್ತಾರೆ! ಚೆಂಡುಹೂವು, ಸೂರ್ಯಕಾಂತಿಯ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಇಳಿಯುವವರು ಒಂದು ಟವೆಲ್ಲನ್ನೂ ಕೊಂಡಾರು. ಮಳಿಗೆಯನ್ನು ಗುತ್ತಿಗೆದಾರರಿಗೆ ಬಾಡಿಗೆಗೆ ಬಿಡಕೂಡದು.

7. ಸಂಘದ ಲೆಕ್ಕ ಎಲ್ಲರಿಗೂ ಕಾಣಬೇಕು. ಇದು ನಮಗೆ ನಾವೇ ಹಾಕಿಕೊಳ್ಳುವ ಒತ್ತಾಯವೂ ಹೌದು. ಸಹಾಯ ಪಡೆಯುವ ಪ್ರತಿ ಸಂಘ ನೂಲಿಗೆಷ್ಟು, ನೇಯ್ಗೆಗೆಷ್ಟು, ಅಂಗಡಿಗೆಷ್ಟು ಎಂದು ಬೆಲೆಚೀಟಿಯಲ್ಲೇ ಬರೆಯಲಿ. ಕಂಡಿಕೆ ಸುತ್ತುವ, ಹಾಸು ಹೂಡುವ, ಗಂಜಿ ಹಾಕುವ ಹೆಂಗಸರ ದುಡಿಮೆ ಇವತ್ತು ‘ಮನೆಯ ಕೆಲಸ’ವಾಗಿ ಗಂಡಸಿನ ಕೂಲಿಯಲ್ಲೇ ಕರಗುತ್ತಿದೆ. ಅವರಿಗೆ ಬೇರೆ ಕೂಲಿ, ಬೇರೆ ಖಾತೆ, ಸಂಘದ ಷೇರು, ನೇಕಾರರ ಗುರುತಿನ ಚೀಟಿ ಕೊಡಬೇಕು. ಇದಿಲ್ಲದೆ ಸಮುದಾಯದ ಉದ್ಯಮ ಎಂದರೆ ಹಳೆಯ ಸಾಹುಕಾರನ ಜಾಗಕ್ಕೆ ಹೊಸ ಕಾರ್ಯದರ್ಶಿ ಬಂದಂತೆ, ಅಷ್ಟೆ.

8. ಕೈಮಗ್ಗಕ್ಕೆ ಮೀಸಲಿಟ್ಟ 11 ಬಗೆಯ ಬಟ್ಟೆಗಳ 1985ರ ಕಾಯ್ದೆ ಜಾರಿಯಾಗಲಿ. ವಿದ್ಯುತ್ ಮಗ್ಗದವರೂ ದುಡಿಯುವವರೇ, ಅವರ ಮೇಲೆ ನಮಗೆ ಹಗೆಯಿಲ್ಲ. ಅವರ ಬಟ್ಟೆ ನಮ್ಮ ಹೆಸರಿನಲ್ಲಿ ಮಾರಾಟವಾಗಬಾರದು.

9. ಕೊಳ್ಳೇಗಾಲದ ಸೀರೆಗೆ ಜಿಐ ಟ್ಯಾಗ್ ಕೊಡಿಸುತ್ತೇವೆಂಬ ಭಾಷಣ ಸದ್ಯಕ್ಕೆ ಬೇಡ. ಇಳಕಲ್ಲಿಗೂ ಮೊಳಕಾಲ್ಮುರಿಗೂ ಅದು ಬಂದಿದೆ, ಅಲ್ಲಿನ ಮಗ್ಗಗಳ ಕಷ್ಟ ಮಾತ್ರ ತೀರಿಲ್ಲ. ಮೊದಲ ನಾಲ್ಕು ಒತ್ತಾಯ ಈಡೇರಿದ ಮೇಲೆ ಅರ್ಜಿ ಬರೆಯಲು ನಾವೇ ಬರುತ್ತೇವೆ.

10. ಈ ಪತ್ರವನ್ನು ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಮತ್ತೊಂದು ಇಲಾಖೆಗೆ ಕಳಿಸಬೇಡಿ. ಒಂದರಿಂದ ಒಂಬತ್ತರವರೆಗೆ ಪ್ರತಿ ಅಂಶದ ಎದುರು ಆಗುತ್ತದೆ, ಆಗುವುದಿಲ್ಲ, ಇಂಥ ದಿನದೊಳಗೆ ಆಗುತ್ತದೆ ಎಂದು ಬರೆದು ಸಹಿ ಮಾಡಿದ ಉತ್ತರ 30 ದಿನದಲ್ಲಿ ಕೊಡಿ. ಸಭೆ ಕರೆಯುವುದಾದರೆ ಕೈಮಗ್ಗ ಮತ್ತು ಜವಳಿ ಇಲಾಖೆ, ಖಜಾನೆ, ಲೀಡ್ ಬ್ಯಾಂಕ್, ಆಸ್ಪತ್ರೆಯ ಉಗ್ರಾಣದ ಅಧಿಕಾರಿಗಳು ಒಟ್ಟಿಗೇ ಇರಲಿ. ಸಭೆ ಕೊಳ್ಳೇಗಾಲದಲ್ಲೋ ಗುಂಡ್ಲುಪೇಟೆಯಲ್ಲೋ ಸಂಜೆ ಆರರ ಮೇಲೆ ನಡೆಯಲಿ. ಹಗಲಿನ ಸಭೆಗೆ ಬಂದರೆ ನಮಗೆ ಒಂದು ದಿನದ ಕೂಲಿ ಹೋಗುತ್ತದೆ.

ಇಂತಿ,
ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಭಾಗದ ಕೈಮಗ್ಗ ನೇಕಾರರು, ನೂಲುವವರು ಮತ್ತು ಹತ್ತಿ ಬೆಳೆಗಾರರು