ತಟ್ಟೆ ಹವಳಕ್ಕೆ ಪಾವಗಡದ ನೀರು

ಪ್ಲೇಟ್ ಕೋರಲ್, ಅಂದರೆ ತಟ್ಟೆ ಹವಳವನ್ನು ಮೊದಲ ಸಲ ನೋಡಿದವರಿಗೆ ಅದು ಪ್ರಾಣಿ ಎಂದು ಹೊಳೆಯುವುದೇ ಇಲ್ಲ. ಅಣಬೆಯ ಕೊಡೆಯನ್ನು ಮಗುಚಿಟ್ಟ ಹಾಗೆ ದುಂಡಗೆ, ನಡುವಿನಿಂದ ಅಂಚಿನವರೆಗೆ ಗೆರೆಗೆರೆ. ಬಹುಪಾಲು ಹವಳಗಳು ಸಾವಿರಾರು ಪುಟ್ಟ ಜೀವಿಗಳ ಒಕ್ಕಲು. ಇದು ಸಾಮಾನ್ಯವಾಗಿ ಒಂಟಿ. ಒಂದೇ ಬಾಯಿ, ಅದೂ ನಟ್ಟನಡುವೆ. ಎಳೆಯದಿದ್ದಾಗ ಸಣ್ಣ ತೊಟ್ಟಿನಿಂದ ಬಂಡೆಗೆ ಅಂಟಿಕೊಂಡಿರುತ್ತದೆ, ಬೆಳೆದ ಮೇಲೆ ಕಳಚಿಕೊಂಡು ಮರಳಿನ ಮೇಲೆ ಬೀಳುತ್ತದೆ. ಮೈಮೇಲೆ ಮರಳು ಬಿದ್ದರೆ ನೀರು ಹೀರಿ ಉಬ್ಬಿ ಕೊಡವಿಕೊಳ್ಳುತ್ತದೆ. ಹಾಗೆ ಉಬ್ಬಿದ ಮೆತ್ತನೆಯ ಮೈ ಕಲ್ಲಿಗೆ ಉಜ್ಜಿದರೆ ಹರಿದು ಕೊಳೆಯುವುದರಿಂದ, ಸಾಕುವವರು ಅದನ್ನು ಬಂಡೆಯ ಮೇಲಿಡದೆ ಮರಳಿನ ಮೇಲೇ ಇಡುತ್ತಾರೆ. ಹದವಾದ ಬೆಳಕು, ಹದವಾದ ನೀರಿನ ಓಟ, ಆಗೀಗ ಸಿಗಡಿಯ ಚೂರು: ಸಾಕಣೆ ಇಷ್ಟರ ಮಟ್ಟಿಗೆ ಸುಲಭ.

ಕಷ್ಟ ಇರುವುದು ನೀರಿನಲ್ಲಿ. ಮಧುಗಿರಿಯಲ್ಲೋ ಶಿರಾದಲ್ಲೋ ಕೂತು ಹವಳ ಸಾಕುವ ತೊಟ್ಟಿಗಳ ವಿಡಿಯೊ ನೋಡುವವರು ತಿಳಿಯಬೇಕಾದದ್ದೂ ಅದನ್ನೇ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. 200 ಲೀಟರಿನ ತೊಟ್ಟಿಗೆ ಲೆಕ್ಕ ಹಾಕಿದರೆ ಏಳು ಕೆಜಿ. ಅಡುಗೆ ಉಪ್ಪು ಸುರಿದರೆ ಆಗದು. ಹವಳ ತನ್ನ ಸುಣ್ಣದ ಮೈ ಕಟ್ಟಿಕೊಳ್ಳಲು ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 1,300ರ ಆಸುಪಾಸು ಮೆಗ್ನೀಸಿಯಂ ಬೇಕು. ‘ನಮ್ಮ ಬೋರ್ ನೀರು ಮೊದಲೇ ಗಡಸು, ಪಾತ್ರೆಗೆಲ್ಲ ಸುಣ್ಣ ಕಟ್ಟುತ್ತೆ, ಒಳ್ಳೇದೇ ಆಯ್ತಲ್ಲ’ ಎನ್ನಬಹುದು. ಆದರೆ ಆ ಗಡಸುತನ ಸಮುದ್ರದ ಪ್ರಮಾಣಕ್ಕೆ ಹೊಂದುವುದಿಲ್ಲ. ಒಂದು ಬೋರಿನಂತೆ ಇನ್ನೊಂದು ಇರುವುದಿಲ್ಲ.

ಪಾವಗಡದವರಿಗೆ ಮೊದಲು ನೆನಪಾಗುವುದು ಫ್ಲೋರೈಡ್. ಹಲ್ಲು ಕಂದಿಸಿ ಮೂಳೆ ಬಾಗಿಸುವ ಈ ವಸ್ತು ಹವಳದ ಮುಖ್ಯ ಶತ್ರುವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಸಮುದ್ರದ ನೀರಿನಲ್ಲೇ 1.3ರಷ್ಟು ಫ್ಲೋರೈಡ್ ಇರುತ್ತದೆ. ಕಾಟ ಕೊಡುವುದು ನೈಟ್ರೇಟ್. ಗೊಬ್ಬರದಿಂದ, ತಿಪ್ಪೆಯಿಂದ, ಶೌಚದ ಗುಂಡಿಯಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂವರೆಗೆ ಇದ್ದರೆ ನಾವು ಕುಡಿಯಬಹುದು; ಹವಳ ಸಾಕುವವರು ಅದನ್ನು 10ರೊಳಗೆ ಇಡಲು ಹೆಣಗುತ್ತಾರೆ. ಮನುಷ್ಯರಿಗೆ ಪಾಸಾದ ನೀರು ಹವಳಕ್ಕೆ ಫೇಲಾಗಬಹುದು.

ಹಾಗಾಗಿ ನೀರನ್ನು ಆರ್‌ಒ ಯಂತ್ರದಲ್ಲಿ ಸೋಸಿ, ಉಳಿದ ಲವಣವನ್ನೂ ಇನ್ನೊಂದು ಸೋಸುಕದಲ್ಲಿ ತೆಗೆದು, ಆಮೇಲೆ ಸಮುದ್ರದ ಲವಣ ಬೆರೆಸಬೇಕು. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ಸಾಲದು, ಅದು ಕುಡಿಯಲು ಹದಮಾಡಿದ ನೀರು. ಮನೆಯ ಆರ್‌ಒ ಯಂತ್ರಗಳು ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಚೆಲ್ಲುತ್ತವೆ. ಸಾವಿರ ಅಡಿ ಕೊರೆಸಿದರೂ ಬರೀ ದೂಳು ಬರುವ ಸೀಮೆಯಲ್ಲಿ ಈ ಲೆಕ್ಕ ನನಗಂತೂ ಒಗ್ಗುವುದಿಲ್ಲ.

ಬೇಸಿಗೆಯ ಒಣಗಾಳಿ ಇನ್ನೊಂದು ತೊಡಕು. ತೊಟ್ಟಿಯ ನೀರು ಆವಿಯಾದಾಗ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಸಪ್ಪೆ ನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ ದಿನದಿನಕ್ಕೂ ಉಪ್ಪು ಏರುತ್ತದೆ. ಜತೆಗೆ ಬಿಸಿಲು. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತವೆ. ಸಮುದ್ರದಲ್ಲೇ ಬೇಸಿಗೆಯ ಗರಿಷ್ಠ ತಾಪ ಒಂದು ಡಿಗ್ರಿ ಮೀರಿ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ, ಹಾಗೆಯೇ ಉಳಿದರೆ ಹಸಿವಿನಿಂದ ಸಾಯುತ್ತದೆ. ಏಪ್ರಿಲ್‌ನ ಪಾವಗಡದಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದೆ ಆಗದು, ಚಿಲ್ಲರ್‌ಗೆ ಕರೆಂಟು ಬೇಕು. ತಿರುಮಣಿ ಸುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವುದು ನಿಜ, ಮನೆಯಲ್ಲಿ ಕರೆಂಟು ಹೋಗುವುದೂ ನಿಜ.

ಇಷ್ಟೆಲ್ಲ ಖರ್ಚಿಗೆ ಸಿದ್ಧರಿದ್ದರೂ ಕಾನೂನು ಒಪ್ಪುವುದಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಎಲ್ಲ ಗಟ್ಟಿ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಿತು. ತಟ್ಟೆ ಹವಳವೂ ಅದರಲ್ಲಿದೆ. ಹಿಡಿಯುವುದು, ಮಾರುವುದು ಅಪರಾಧ. ಮೂರರಿಂದ ಏಳು ವರ್ಷ ಜೈಲಾಗಬಹುದು. ‘ಇಂಪೋರ್ಟೆಡ್, ಏನೂ ಆಗಲ್ಲ’ ಎನ್ನುವ ಅಂಗಡಿಯವನ ಮಾತಿಗೆ ಮರುಳಾಗಬೇಡಿ. ಅಮೆರಿಕದಲ್ಲಿರುವ ಮಗನೋ ಅಳಿಯನೋ ವಿಡಿಯೊ ಕಾಲ್‌ನಲ್ಲಿ ತೋರಿಸುವ ತೊಟ್ಟಿ ಅಲ್ಲಿ ಸಕ್ರಮವಿರಬಹುದು, ಕೊರಟಗೆರೆಯಲ್ಲಿ ಅಲ್ಲ.

ಜೀವಂತ ಹವಳ ನೋಡುವ ಆಸೆಯಿದ್ದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬಹುದು; ಅಲ್ಲಿ ನೀರಿಗಿಳಿದು ನೋಡುವ ವ್ಯವಸ್ಥೆಯಿದೆ, ಮುಟ್ಟದೆ ಬರಬೇಕು. ಮನೆಯಲ್ಲೇ ತೊಟ್ಟಿ ಬೇಕೆಂದರೆ ಗಪ್ಪಿ, ಮಾಲಿ ಮೀನುಗಳಿವೆ. ಇವು ಮೃದು ನೀರಿಗಿಂತ ಗಡಸು ನೀರಿನಲ್ಲೇ ಚೆನ್ನಾಗಿರುತ್ತವೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವುದೂ ಇದೇ ಗಪ್ಪಿಯನ್ನು. ಬೋರ್ ನೀರಾದರೆ ಒಂದು ದಿನ ಗಾಳಿಗೆ ಬಿಟ್ಟು ಬಳಸಿ. ಪುರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣದ ಕೆಲವು ಹನಿ ಹಾಕಿದ ಮೇಲಷ್ಟೇ ಮೀನು ಬಿಡಿ.