ಧಾಟಿ: ಮೇಲಿನಂತೆ

ಹಾಡಿನ ಪುಸ್ತಕ ಎಂದರೇನೆಂದು ನಮ್ಮ ಮಲೆನಾಡಿನ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಇನ್ನೂರು ಪುಟದ ನೋಟುಬುಕ್ಕು, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹೊದಿಕೆ. ಒಳಗೆ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ತೊಟ್ಟಿಲ ಹಾಡು. ಅದು ಇರುವ ಜಾಗವೂ ಎಲ್ಲರಿಗೂ ಗೊತ್ತು: ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಕೆಳಗೆ, ನುಸಿಗುಳಿಗೆಯ ಪಕ್ಕದಲ್ಲಿ. ಬೇಕಾದರೆ ಒಂದು ದಿನದ ಮಟ್ಟಿಗೆ ಸರವನ್ನೂ ಬಳೆಯನ್ನೂ ಎರವಲು ಕೊಟ್ಟಾರು, ಹಾಡಿನ ಪುಸ್ತಕ ಮಾತ್ರ ಕೊಡರು. ಈ ಕೊಡದ ಗುಣದ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟನ್ನು ಇವತ್ತು ಹೇಳಿಯೇ ಬಿಡುತ್ತೇನೆ.

ಕಳಸದ ನನ್ನ ದೊಡ್ಡಮ್ಮನ ಹತ್ತಿರ ಅಂಥ ಒಂದು ಪುಸ್ತಕವಿತ್ತು. ಇಪ್ಪತ್ತು ವರ್ಷ ಕೇಳಿದೆ. ಪ್ರತಿ ಸಲವೂ ಒಂದೇ ಉತ್ತರ: "ಅದು ನಮ್ಮ ಮನೆ ಹಾಡು ಕಣೇ, ಊರಿಗೆಲ್ಲ ಹಂಚೋಕಲ್ಲ. ಮದುವೆಗೆ ನಾನೇ ಬಂದು ಹಾಡ್ತೀನಲ್ಲ, ಬಿಡು." ಹೋದ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ಈ ಬೇಸಗೆಯಲ್ಲಿ ಅವರ ಮೊಮ್ಮಗಳ ಮದುವೆ. ಟ್ರಂಕು ತೆರೆದು ಪುಸ್ತಕ ತಂದರು. ಹಸೆಗೆ ಕರೆಯುವ ಹಾಡು ಸಿಕ್ಕಿತು, ಇಪ್ಪತ್ತೆರಡು ನುಡಿ, ಮುತ್ತು ಪೋಣಿಸಿದಂಥ ಅಕ್ಷರ. ತಲೆಯಲ್ಲಿ ಬರೆದಿತ್ತು, "ಧಾಟಿ: ಮೇಲಿನಂತೆ". ಮೇಲಿನ ಹಾಡಿಗೆ ಹೋದೆವು. ಅಲ್ಲಿಯೂ "ಮೇಲಿನಂತೆ". ಅದರ ಮೇಲಿನ ಹಾಳೆ ಬೂಷ್ಟು ಹಿಡಿದು ಉದುರಿ ಹೋಗಿತ್ತು. ಐದು ಜನ ಹೆಂಗಸರು ಹಸೆಯ ಮುಂದೆ ಪುಸ್ತಕ ಹಿಡಿದು ಮೂಕರಾಗಿ ಕುಳಿತೆವು. ಕೊನೆಗೆ ಆರ್ಕೆಸ್ಟ್ರಾದವರು ಯಾವುದೋ ಸಿನಿಮಾ ಹಾಡು ಹಾಕಿದರು. ಮದುಮಗಳು ಅದಕ್ಕೇ ಹಸೆ ಏರಿದಳು.

ಮುಂದಿನ ವಾರ ಮೂಡಿಗೆರೆಯ ಕಡೆ ಒಂದು ಕಾಫಿ ತೋಟದ ಬಂಗಲೆಗೆ ಹೋಗಿದ್ದೆ. ಹಿಂದೆ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ಮನೆ. ಈಗ ನನ್ನ ಹಳೆಯ ವಿದ್ಯಾರ್ಥಿನಿ ಅಲ್ಲಿಯ ಸೊಸೆ. ಹಜಾರದ ಮೂಲೆಯಲ್ಲಿ ಒಂದು ಪಿಯಾನೊ. ಕೂರುವ ಪೀಠದ ಮುಚ್ಚಳ ಎತ್ತಿದರೆ ಒಳಗೆ ಸ್ವರ ಮುದ್ರಿಸಿದ ಹಾಳೆಗಳ ಕಟ್ಟು. ಒಂದರ ಮೇಲೆ ಸೆಸಿಲ್ ಶಾಮಿನಾದ್ ಎಂಬ ಹೆಸರು. ಈಕೆ 1857ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ ಫ್ರಾನ್ಸಿನ ಹೆಣ್ಣುಮಗಳು. ಅಲ್ಲಿಯ ಸರ್ಕಾರದ ದೊಡ್ಡ ಗೌರವವಾದ 'ಲೀಜಿಯನ್ ಆಫ್ ಆನರ್' ಅನ್ನು 1913ರಲ್ಲಿ ಪಡೆದವರು. ಸಂಗೀತ ರಚಿಸುವ ಹೆಂಗಸರಲ್ಲಿ ಅದು ಸಿಕ್ಕಿದ್ದು ಇವರಿಗೇ ಮೊದಲು. ಒಂದು ಕಾಲಕ್ಕೆ ಇವರ ಪಿಯಾನೊ ರಚನೆಗಳು ಯೂರೋಪು, ಅಮೆರಿಕದ ಮನೆಮನೆಗಳಲ್ಲಿದ್ದವು. ಆಮೇಲೆ ಜನ ಅವರನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು.

ಬೆಂಗಳೂರಿನಲ್ಲಿ ಪಿಯಾನೊ ಕಲಿಯುತ್ತಿರುವ ಆ ಮನೆಯ ಹುಡುಗಿ ಹಾಳೆಯನ್ನು ಎದುರಿಗಿಟ್ಟುಕೊಂಡು ನುಡಿಸತೊಡಗಿದಳು. ಮಳೆಗಾಲದ ತೇವಕ್ಕೆ ನಾಲ್ಕೈದು ಮನೆಗಳು ಸ್ವರವನ್ನೇ ಹೊರಡಿಸುತ್ತಿರಲಿಲ್ಲ. ಆದರೂ ಹಾಡು ಬಂತು. ಆ ಹಾಳೆ ತಂದವರು ಯಾರೋ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬರೆದಾಕೆ ಸತ್ತು ಎಂಬತ್ತು ವರ್ಷ ದಾಟಿತು. ಇಷ್ಟಾದರೂ ಕಾಗದವೊಂದೇ ಸಾಕಾಯಿತು. ನನಗೆ ದೊಡ್ಡಮ್ಮನ ಇಪ್ಪತ್ತೆರಡು ನುಡಿ ನೆನಪಾಗಿ ಗಂಟಲು ಕಟ್ಟಿತು.

ವ್ಯತ್ಯಾಸ ನೋಡಿದಿರಾ? ಅವರ ಹಾಳೆಯಲ್ಲಿ ಸ್ವರವಿದೆ, ಕಾಲವಿದೆ, ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಎಂಬುದೂ ಇದೆ. ಅದನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟರೂ ನೂರು ವರ್ಷದ ಮೇಲೆ ಓದಬಲ್ಲವರೊಬ್ಬರು ಬಂದರೆ ಹಾಡು ಮತ್ತೆ ಎದ್ದು ಕೂರುತ್ತದೆ. ನಮ್ಮ ಪುಸ್ತಕದಲ್ಲಿರುವುದು ಬರೀ ಮಾತು. ಧಾಟಿ ಇರುವುದು ಬರೆದವಳ ಗಂಟಲಲ್ಲಿ. ಹಾಗಾಗಿ ನಾವು ಟ್ರಂಕಿನಲ್ಲಿ ಬೀಗ ಹಾಕಿ ಕಾಯುತ್ತಿರುವುದು ಅರ್ಧ ಹಾಡನ್ನು. ಉಳಿದರ್ಧ ಚಿತೆಯ ಮೇಲೆ ಹೋಗುತ್ತದೆ. ಇದನ್ನು ಜೋಪಾನ ಎನ್ನುತ್ತೀರಾ?

"ನಮ್ಮ ಮನೆತನದ ಹಾಡು" ಎನ್ನುವವರಿಗೆ ಒಂದು ಪ್ರಶ್ನೆ. ಅದನ್ನು ಆ ಮನೆಗೆ ತಂದವರು ಯಾರು? ಯಾವಳೋ ಒಬ್ಬ ಸೊಸೆಯಲ್ಲವೇ? ಅವಳು ತನ್ನ ತವರಿನಿಂದ ತಂದಳು, ತವರಿಗೆ ಅವಳ ತಾಯಿ ಇನ್ನೊಂದು ಊರಿನಿಂದ ತಂದಿದ್ದಳು. ಹೆಣ್ಣು ಕೊಟ್ಟು ತಂದ ಕಡೆಯೆಲ್ಲ ನಡೆದು ಬಂದ ಹಾಡಿಗೆ ನಮ್ಮ ಹೊಸ್ತಿಲಲ್ಲಿ ತಡೆ ಹಾಕಲು ನಾವು ಯಾರು?

ಇನ್ನು, "ಕೊಟ್ಟರೆ ವಾಪಸ್ ಬರುವುದಿಲ್ಲ" ಎಂಬ ದೂರು. ಅದು ನಿಜ, ನಾನೂ ಕಳೆದುಕೊಂಡಿದ್ದೇನೆ. ಪುಸ್ತಕ ಕೊಡಬೇಡಿ, ಪುಟಗಳ ಫೋಟೊ ಕೊಡಿ. "ಸಂಗ್ರಹಕಾರರು ಬಂದು ಬರೆದುಕೊಂಡು ಹೋಗಿ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ" ಎನ್ನುವುದೂ ಸುಳ್ಳಲ್ಲ. ಹಾಡಿದವಳ ಹೆಸರು, ಊರು, ಕಲಿಸಿದವಳ ಹೆಸರು ಅಚ್ಚಾಗಲೇಬೇಕೆಂದು ಜಗಳ ಮಾಡಿ. ಬಾಯಿ ಮುಚ್ಚಿಕೊಳ್ಳುವುದು ಅದಕ್ಕೆ ಮದ್ದಲ್ಲ. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು 'ಗರತಿಯ ಹಾಡು' ಪ್ರಕಟಿಸಿದ್ದು 1931ರಲ್ಲಿ. ಆ ಸೀಮೆಯ ಹೆಂಗಸರು ಅಂದು "ನಮ್ಮ ಮನೆ ಹಾಡು" ಎಂದಿದ್ದರೆ ಬೀಸುಕಲ್ಲಿನ ಪದಗಳು ಬೀಸುಕಲ್ಲಿನ ಜೊತೆಗೇ ಮೂಲೆ ಸೇರುತ್ತಿದ್ದವು.

ಕೊಡುವುದು ಎಂದರೆ ಹೇಗೆಂದು ನಮ್ಮ ಮೈಸೂರಿನಲ್ಲೇ ನೋಡಬಹುದು. ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್‌ಗೆ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು. ಒಡೆಯರು ಹಣ ಕೊಟ್ಟು, 1940ರ ದಶಕದ ಕೊನೆಯಲ್ಲಿ ಆತ ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡು ಮಾಡುವಂತೆ ಮಾಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಅವರ ಬೆರಳಿನ ನಾದ ಉಳಿಯಿತು. ಗಮನಿಸಿ, ಮೆಟ್ನರ್ ಕೃತಿಗಳು ಕಾಗದದ ಮೇಲೆ ಆಗಲೇ ಇದ್ದವು. ಆದರೂ ಕಾಗದ ಸಾಲದು, ಆತನ ಕೈಯಿಂದಲೇ ಕೇಳಬೇಕು ಎಂದು ಒಡೆಯರಿಗೆ ಅನಿಸಿತು. ಕಾಗದದಲ್ಲಿ ಧಾಟಿಯೇ ಇಲ್ಲದ ನಮಗೆ ಅದು ಇನ್ನೆಷ್ಟು ಅನಿಸಬೇಕು? ನಮಗೆ ಅರಮನೆಯ ಖಜಾನೆ ಬೇಕಿಲ್ಲ. ಸೊಸೆಯ ಮೊಬೈಲು ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೂ ಒಪ್ಪಿಸಬೇಕು. ನನ್ನ ತಾಯಿಯ ಪುಸ್ತಕವನ್ನು ಹತ್ತು ವರ್ಷದ ಕೆಳಗೆ ಜೊತೆಯ ಶಿಕ್ಷಕಿಯೊಬ್ಬರು ಕೇಳಿದ್ದರು. "ನೋಡೋಣ" ಎಂದೆ. ನೋಡಲೇ ಇಲ್ಲ. ದೊಡ್ಡಮ್ಮನನ್ನು ಬೈಯುವ ಯೋಗ್ಯತೆ ನನಗೂ ಇರಲಿಲ್ಲ. ಮದುವೆ ಮುಗಿದ ಮೇಲೆ ಪ್ರತಿ ಭಾನುವಾರ ಅಮ್ಮನ ಮುಂದೆ ಮೊಬೈಲು ಇಟ್ಟುಕೊಂಡು ಕೂರುತ್ತಿದ್ದೇನೆ. ಅವರಿಗೆ ಎಂಬತ್ತೆರಡು. ಕೆಲವು ಹಾಡಿಗೆ ಎರಡು ನುಡಿಯಾಗುವಷ್ಟರಲ್ಲಿ ಉಸಿರು ಸಾಲದು. ಕೆಲವಕ್ಕೆ ಪುಸ್ತಕ ನೋಡಿ, ತುಟಿ ಅಲುಗಿಸಿ, "ಇದರ ಧಾಟಿ ಹೋಯ್ತು ಮಗಾ" ಎನ್ನುತ್ತಾರೆ. ಹತ್ತು ವರ್ಷದ ಕೆಳಗೆ ಅದು ಹೋಗಿರಲಿಲ್ಲ.

ಮಳೆ ನಿಂತ ಮೇಲೆ ನೀವೂ ಟ್ರಂಕು ತೆರೆದು ಸೀರೆಗಳನ್ನು ಬಿಸಿಲಿಗೆ ಹರಡುತ್ತೀರಿ. ಅಂದು ತಳದ ಪುಸ್ತಕವನ್ನೂ ಹೊರಗೆ ತೆಗೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಮೇಲಿನಂತೆ" ಎಂದು ಬರೆದ ಕಡೆಯೆಲ್ಲ, ಆ ಮೇಲಿನದು ಯಾವುದು ಎಂದು ಅವರ ಬಾಯಲ್ಲೇ ಹಾಡಿಸಿ ತುಂಬಿಸಿಕೊಳ್ಳಿ. ಆಮೇಲೆ ಕೇಳಿದವರಿಗೆ ಕೊಡಿ. ಕೇಳದವರಿಗೂ ಕೊಡಿ.