ತಳ ತೊಳೆದರೆ ಸಾಕೇ?

ಊರಿಗೆ ಮರಳಿದ ಮೇಲೆ ನನ್ನನ್ನು ನೋಡಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ ಕಾಫಿ ಕುಡಿಯುತ್ತ ಕೇಳಿದ: “ಸಾರ್, ನಿಮ್ಮ ಮಗನ ಮನೆಯಲ್ಲಿ ಈಜುಕೊಳವನ್ನೂ ರೋಬೋಟೇ ತೊಳೆಯುತ್ತದಂತೆ. ಇನ್ನು ಅಲ್ಲಿ ಮನುಷ್ಯನಿಗೆ ಏನು ಕೆಲಸ ಉಳಿಯಿತು?” ಅವನ ದನಿಯಲ್ಲಿ ಅರ್ಧ ಬೆರಗು, ಅರ್ಧ ಕುಹಕ. ಅಂದು ನಾನು ನಕ್ಕು ಸುಮ್ಮನಾದೆ. ಆದರೆ ತರಗತಿಯಲ್ಲಿ ಎದ್ದ ಪ್ರಶ್ನೆಗೆ ಉತ್ತರ ಹೇಳುವ ಮೊದಲೇ ಗಂಟೆ ಹೊಡೆದುಬಿಟ್ಟರೆ ಮೇಷ್ಟರಿಗೆ ಆ ದಿನದ ಊಟ ರುಚಿಸುವುದಿಲ್ಲ. ಆದುದರಿಂದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

2025ರ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಮಗ್ಗುಲಿನ ಚಾಂಡ್ಲರಿನಲ್ಲಿ ಮಗನ ಮನೆಯಲ್ಲಿದ್ದೆವು. ಅದು ಮರುಭೂಮಿಯ ಸೀಮೆ. ವರ್ಷವೆಲ್ಲ ಸುರಿದರೂ ಮಳೆ ಸರಾಸರಿ ಏಳೆಂಟು ಅಂಗುಲವಷ್ಟೇ. 2023ರ ಬೇಸಿಗೆಯಲ್ಲಂತೂ ಫೀನಿಕ್ಸಿನ ಉಷ್ಣತೆ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟನ್ನು, ಅಂದರೆ ನಮ್ಮ ಲೆಕ್ಕದ 43 ಡಿಗ್ರಿಯನ್ನು, ಮುಟ್ಟಿತ್ತು ಅಥವಾ ಮೀರಿತ್ತು. ಅಂಥ ಊರಿನಲ್ಲಿ ಹಿತ್ತಲಿನ ಈಜುಕೊಳವು ಸಿರಿವಂತರ ಸೊತ್ತೇನೂ ಅಲ್ಲ. ನಮ್ಮ ಹಳೆಯ ಮನೆಗಳ ಹಿಂದೆ ಬಾವಿ ಇರುತ್ತಿದ್ದಂತೆ ಅಲ್ಲಿ ಸಾಧಾರಣ ನೌಕರಿಯವರ ಮನೆಯ ಹಿಂದೆಯೂ ಕೊಳವಿರುತ್ತದೆ. ಮಗನ ಮನೆಯದು ಹದಿನೈದು ಸಾವಿರ ಗ್ಯಾಲನ್ ಹಿಡಿಯುವಂಥದು; ನಮ್ಮ ಅಳತೆಯಲ್ಲಿ ಸುಮಾರು 57 ಸಾವಿರ ಲೀಟರ್.

ಅದನ್ನು ತೊಳೆಯುವ ಯಂತ್ರವನ್ನು ಮೊದಲ ದಿನ ಕಂಡಾಗ ನಾನೂ ಮಕ್ಕಳಂತೆ ಕಣ್ಣರಳಿಸಿ ನಿಂತೆ. ದೊಡ್ಡ ಕುಕ್ಕರಿನಷ್ಟು ಗಾತ್ರ, ಎರಡು ಬದಿಗೆ ರಬ್ಬರಿನ ಪಟ್ಟಿ, ಹೊಟ್ಟೆಯ ಕೆಳಗೆ ಉರುಳುವ ಕುಂಚ. ಅದು ತಳದ ನೀರನ್ನು ಒಳಗೆಳೆದು, ಕಸವನ್ನು ತನ್ನೊಳಗಿನ ಜರಡಿಯಲ್ಲಿ ಹಿಡಿದಿಟ್ಟು, ಸೋಸಿದ ನೀರನ್ನು ಬೆನ್ನಿನಿಂದ ರಭಸವಾಗಿ ಹೊರಚಿಮ್ಮುತ್ತದೆ. ಚಿಮ್ಮುವ ನೀರು ಯಂತ್ರವನ್ನು ಎದುರು ದಿಕ್ಕಿಗೆ ಒತ್ತುತ್ತದೆ. ಹಾಗಾಗಿ ಅದು ಗೋಡೆಗೆ ಅಂಟಿಕೊಂಡು ಮೇಲೇರಬಲ್ಲದು. ನ್ಯೂಟನ್ನನ ಮೂರನೆಯ ನಿಯಮವನ್ನು ನಿಮಗೆಲ್ಲ ಬಲೂನು ಹಿಡಿದು ಕಲಿಸಿದ್ದೆನಲ್ಲ, ಅದೇ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಒಂದು ಪೆಟ್ಟಿಗೆಯು ಮೂವತ್ತು ವೋಲ್ಟಿಗೂ ಕಡಿಮೆಗೆ ಇಳಿಸಿ, ನೀಲಿಯ ಉದ್ದನೆಯ ಕೇಬಲಿನ ಮೂಲಕ ನೀರಿನೊಳಕ್ಕೆ ಕಳಿಸುತ್ತದೆ. ಸುಮಾರು ಎರಡು ಗಂಟೆ ದುಡಿದು ಯಂತ್ರ ತಾನೇ ನಿಲ್ಲುತ್ತದೆ. ನಿಂತೊಡನೆ ಮಗನ ಫೋನಿಗೆ ‘ಕೆಲಸ ಮುಗಿಯಿತು’ ಎಂಬ ಸಂದೇಶ ಬರುತ್ತದೆ.

ತನ್ನಷ್ಟಕ್ಕೆ ಕೊಳ ತೊಳೆಯುವ ಸಾಧನ ಇಂದು ನಿನ್ನೆಯದಲ್ಲ. 1974ರಲ್ಲಿಯೇ ದಕ್ಷಿಣ ಆಫ್ರಿಕದಲ್ಲಿ ಫರ್ಡಿನಂಡ್ ಶೋವಿಯೆ ಎಂಬ ಎಂಜಿನಿಯರ್, ಕೊಳದ ಪಂಪು ಎಳೆಯುವ ಬಲದಿಂದಲೇ ತಳದಲ್ಲಿ ಹರಿದಾಡುವ ಕೊಳವೆಯನ್ನು ರೂಪಿಸಿದ. ರೋಬೋಟಿನ ಹೆಚ್ಚುಗಾರಿಕೆಯೆಂದರೆ ಅದು ಕೊಳದ ಪಂಪನ್ನು ನೆಚ್ಚಿಲ್ಲ. ತನ್ನ ಮೋಟಾರು, ತನ್ನ ಜರಡಿ. ಅದರಿಂದ ವಿದ್ಯುತ್ತೂ ಉಳಿಯುತ್ತದೆ. ಕೊಳದ ದೊಡ್ಡ ಶೋಧಕಕ್ಕೆ ಕಸ ಕಡಿಮೆ ಹೋಗುವುದರಿಂದ ಅದನ್ನು ತೊಳೆಯಲು ಚೆಲ್ಲುವ ನೂರಾರು ಲೀಟರ್ ನೀರೂ ಉಳಿಯುತ್ತದೆ. ಕೊಲರಾಡೊ ನದಿಯಿಂದ ಮುನ್ನೂರು ಮೈಲಿಗೂ ಮಿಗಿಲಾದ ಕಾಲುವೆ ತೋಡಿ ನೀರು ತರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

‘ಹಿಂದೆ ನಾವೆಲ್ಲ ಕೈಯಿಂದಲೇ ಮಾಡುತ್ತಿದ್ದೆವು, ಈಗಿನವರು ಸೋಮಾರಿಗಳು’ ಎಂಬ ರಾಗವನ್ನು ನಾನು ಹಾಡಲಾರೆ. ಬಾಲ್ಯದಲ್ಲಿ ನಮ್ಮ ಹಿತ್ತಲಿನ ಬಾವಿಯ ಹೂಳೆತ್ತುವುದನ್ನು ನೋಡಿದವನು ನಾನು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಇಬ್ಬರು ಆಳುಗಳು ಹಗ್ಗ ಹಿಡಿದು ಇಳಿಯುತ್ತಿದ್ದರು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಮಂಕರಿಗೆ ಹೂಳು ತುಂಬುತ್ತಿದ್ದರು. ಮೇಲೆ ನಿಂತ ನಮಗೆ ಅದು ಹಬ್ಬ; ಕಳೆದ ವರ್ಷ ಬಿದ್ದ ಚೊಂಬು ಸಿಕ್ಕಿತೇ ಎಂಬ ಕುತೂಹಲ. ಕೆಳಗಿದ್ದವರಿಗೆ ಅದು ಉಸಿರು ಕಟ್ಟುವ ದುಡಿಮೆ. ಅವರ ಬೆನ್ನಿನ ನೋವನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ. 43 ಡಿಗ್ರಿ ಬಿಸಿಲಿನಲ್ಲಿ ಉದ್ದನೆಯ ಕೋಲಿಗೆ ಕುಂಚ ಕಟ್ಟಿ ಕೊಳದ ತಳ ಉಜ್ಜುವುದು ಯಂತ್ರಕ್ಕೇ ಇರಲಿ. ಇದು ನನ್ನ ಖಚಿತ ಅಭಿಪ್ರಾಯ.

ನನ್ನ ತಕರಾರು ಯಂತ್ರದೊಡನಲ್ಲ, ಅದು ಕಳಿಸುವ ಸಂದೇಶವನ್ನು ನಾವು ಓದಿಕೊಳ್ಳುವ ಬಗೆಯೊಡನೆ. ಯಂತ್ರ ತನ್ನ ಕೆಲಸ ಮುಗಿಯಿತು ಎನ್ನುತ್ತದೆ. ನಾವು ನಮ್ಮ ಕೆಲಸವೂ ಮುಗಿಯಿತು ಎಂದುಕೊಳ್ಳುತ್ತೇವೆ. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಎರಡೂ ನಾನು ಕಣ್ಣಾರೆ ಕಂಡವು.

ಮೊದಲನೆಯದು ಧೂಳಿನದು. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಕಾಲವನ್ನು ಅವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಆದರೆ ಎಷ್ಟೋ ಸಲ ಮಳೆಗೆ ಮೊದಲು ಬರುವುದು ಧೂಳು. ಆ ಧೂಳಿನ ಗೋಡೆಗೆ ಅರಬ್ಬಿಯಿಂದ ಬಂದ ‘ಹಬೂಬ್’ ಎಂಬ ಹೆಸರು. 2025ರ ಆಗಸ್ಟ್ 25ರ ಸಂಜೆ ಅಂಥದೊಂದು ಫೀನಿಕ್ಸನ್ನು ಆವರಿಸಿತು. ಕ್ಷಣಾರ್ಧದಲ್ಲಿ ಹಗಲು ಮಾಯವಾಯಿತು. ಮರುದಿನ ಕೊಳದ ತಳದಲ್ಲಿ ಕಂದು ಮಣ್ಣಿನ ಹೊದಿಕೆ. ಯಂತ್ರವನ್ನು ಇಳಿಸಿದೆವು. ಮಾಮೂಲಿನ ಜರಡಿಯಲ್ಲಿ ನಯವಾದ ಧೂಳು ನಿಲ್ಲದೆ ತೂರಿಹೋಗುತ್ತಿತ್ತು. ಸಣ್ಣ ಕಣ್ಣಿನ ಜರಡಿ ಹಾಕಿ ಎರಡು ದಿನ ಓಡಿಸಿದ ಮೇಲೆ ತಳ ಕನ್ನಡಿಯಂತಾಯಿತು. ಫೋನಿಗೆ ಎಂದಿನಂತೆ ಸಂದೇಶ ಬಂತು. ಮಗನೂ ನಿಶ್ಚಿಂತನಾದ.

ನಾಲ್ಕನೆಯ ದಿನ ಗೋಡೆ ಮುಟ್ಟಿದರೆ ಲೋಳೆ, ನೀರಿಗೆ ತೆಳುವಾದ ಹಸಿರು ಛಾಯೆ. ಪರೀಕ್ಷೆಯ ಪೆಟ್ಟಿಗೆಯನ್ನು ತೆಗೆಸಿದೆ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗಬೇಕಾದ ನೀರು ಬಣ್ಣಗೆಟ್ಟೇ ನಿಂತಿತ್ತು. ಗಾಳಿ ತಂದ ಕಸವೂ ಮರುಭೂಮಿಯ ಬಿಸಿಲೂ ಸೇರಿ ಕ್ಲೋರಿನ್ನನ್ನು ತಿಂದು ಮುಗಿಸಿದ್ದವು. ಕೊಳದ ನೀರಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 1 ಪಾಲು ಕ್ಲೋರಿನ್ ಇರಬೇಕು, ಬಿಸಿಲಿನಿಂದ ಅದನ್ನು ಕಾಯುವ ಸಯನ್ಯೂರಿಕ್ ಆಮ್ಲವನ್ನು ಬಳಸಿದ್ದರೆ ಕನಿಷ್ಠ 2 ಪಾಲು ಇರಬೇಕು, ಪಿಎಚ್ ಮೌಲ್ಯ 7ರಿಂದ 7.8ರೊಳಗಿರಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಇದೊಂದೂ ಆ ಯಂತ್ರಕ್ಕೆ ತಿಳಿಯದು. ಅದು ಹಸಿರು ನೀರಿನಲ್ಲಿಯೂ ಅದೇ ಶಿಸ್ತಿನಿಂದ ಅತ್ತಿಂದಿತ್ತ ನಡೆದಾಡುತ್ತಿತ್ತು. ನಮ್ಮ ಊರಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಆರೋಗ್ಯ ಇಲಾಖೆಯವರು ಬರುತ್ತಿದ್ದುದು ನಿಮಗೆ ನೆನಪಿರಬಹುದು. ಹೂಳೆತ್ತುವವರೇ ಬೇರೆ, ಪುಡಿ ಹಾಕುವವರೇ ಬೇರೆ. ತಳದ ಕೊಳೆ ಕಣ್ಣಿಗೆ ಕಾಣುತ್ತದೆ, ನೀರಿನ ಕೊಳೆ ಕಾಣುವುದಿಲ್ಲ. ಕಾಣುವುದನ್ನು ಯಂತ್ರ ತೊಳೆದುಕೊಟ್ಟಾಗ ಕಾಣದುದನ್ನು ನಾವು ಮರೆಯುತ್ತೇವೆ.

ಎರಡನೆಯದನ್ನು ಬರೆಯುವಾಗ ಇಂದಿಗೂ ಕೈ ಒಂದಿಷ್ಟು ತಡವರಿಸುತ್ತದೆ.

ನನ್ನ ಮೊಮ್ಮಗಳಿಗೆ ಆಗ ಮೂರು ವರ್ಷ. ಆ ಯಂತ್ರಕ್ಕೆ ಅವಳು ‘ಆಮೆ’ ಎಂದು ಹೆಸರಿಟ್ಟಿದ್ದಳು. ಅದು ಗೋಡೆ ಹತ್ತಿ ನೀರಿನ ಮೇಲಕ್ಕೆ ಮೂತಿ ಚಾಚಿ ಬುಸುಗುಟ್ಟಿದಾಗಲೆಲ್ಲ ಕೈತಟ್ಟಿ ನಗುತ್ತಿದ್ದಳು. ಅರಿಜೋನಾದ ಕಾನೂನಿನಂತೆ ಕೊಳದ ಸುತ್ತ ಕನಿಷ್ಠ ಐದು ಅಡಿ ಎತ್ತರದ ಬೇಲಿಯಿತ್ತು. ತಾನಾಗಿ ಮುಚ್ಚಿಕೊಂಡು ತಾನಾಗಿ ಅಗುಳಿ ಬೀಳುವ ಗೇಟೂ ಇತ್ತು. ಆದರೆ ಯಂತ್ರದ ವಿದ್ಯುತ್ ಪೆಟ್ಟಿಗೆಯನ್ನು ನೀರಿನಿಂದ ಮೂರೂವರೆ ಮೀಟರಾದರೂ ದೂರವಿಡಬೇಕೆಂದು ಅದರ ಕೈಪಿಡಿ ಹೇಳುತ್ತದೆ. ಹತ್ತಿರದ ಪ್ಲಗ್ಗು ಇದ್ದದ್ದು ಬೇಲಿಯ ಹೊರಗೆ, ಜಗುಲಿಯ ಗೋಡೆಯಲ್ಲಿ. ಆದ್ದರಿಂದ ಮಗ ಪೆಟ್ಟಿಗೆಯನ್ನು ಜಗುಲಿಯಲ್ಲಿಟ್ಟು ಕೇಬಲನ್ನು ಗೇಟಿನ ಸಂದಿಯಿಂದ ಒಳಗೆ ಬಿಟ್ಟಿದ್ದ. ಒಂದು ಎಚ್ಚರಿಕೆಯನ್ನು ಪಾಲಿಸಲು ಹೋಗಿ ಇನ್ನೊಂದು ತಪ್ಪಿತು. ಬೆರಳು ಗಾತ್ರದ ಕೇಬಲು ಅಡ್ಡ ಸಿಕ್ಕಿ ಗೇಟಿನ ಅಗುಳಿ ಬೀಳುತ್ತಿರಲಿಲ್ಲ. ಅದೆಷ್ಟು ದಿನದಿಂದ ಹಾಗಿತ್ತೋ, ಮನೆಯಲ್ಲಿದ್ದ ನಾಲ್ವರು ದೊಡ್ಡವರಲ್ಲಿ ಒಬ್ಬರೂ ಗಮನಿಸಿರಲಿಲ್ಲ. ವಿಜ್ಞಾನದ ಮೇಷ್ಟರಾದ ನಾನೂ ಗಮನಿಸಿರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಜಗುಲಿಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ. ಮಗು ಪಕ್ಕದಲ್ಲಿ ಆಡುತ್ತಿತ್ತು. ಓದುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಮನೆ ತೀರ ಮೌನವಾಗಿದೆ ಎನ್ನಿಸಿತು. ತಲೆಯೆತ್ತಿದರೆ ಮಗು ಗೇಟಿನೊಳಗೆ ಕೊಳದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದೆ. ಗೋಡೆ ಹತ್ತಿ ಬಂದ ‘ಆಮೆ’ಯನ್ನು ಮುಟ್ಟಲು ಕೈ ಚಾಚಿದೆ. ಕೂಗಲಿಲ್ಲ, ಬೆಚ್ಚಿದರೆ ಮುಂದಕ್ಕೆ ಮುಗ್ಗರಿಸುತ್ತಾಳೆಂಬ ಭಯ. ಎಪ್ಪತ್ತು ದಾಟಿದ ಕಾಲುಗಳು ಹೇಗೆ ಅಲ್ಲಿಗೆ ತಲುಪಿದವೋ ತಿಳಿಯದು. ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡೆ. “ತಾತ, ಆಮೆ!” ಎಂದಳು ಅವಳು, ಏನೂ ಆಗದವಳಂತೆ. ನಿಜಕ್ಕೂ ಏನೂ ಆಗಿರಲಿಲ್ಲ. ನಾನು ಮಾತ್ರ ಅಲ್ಲಿಯೇ ಬಿಸಿಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ, ಸದ್ದಿಲ್ಲದೆ ಹೋಗಿಬಿಡುತ್ತದೆ. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ನಮ್ಮ ಶಾಲೆಯ ಹುಡುಗನೊಬ್ಬ ಕೆರೆಯ ಪಾಲಾದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನು ಬರೆಯಬೇಕೆಂದು ತೋಚದೆ ಒಂದು ವಾರ ಆ ಮನೆಗಳನ್ನು ಖಾಲಿ ಬಿಟ್ಟಿದ್ದೆ. ಅಂದು ಕೊಳದ ಪಕ್ಕದಲ್ಲಿ ಕುಳಿತಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಖಾಲಿ ಮನೆಗಳು.

ರಾತ್ರಿ ಮಗನಿಗೆ ಹೇಳಿದೆ. ಅವನು ಮರುಮಾತಾಡಲಿಲ್ಲ. ಎದ್ದು ಹೋಗಿ ಕೇಬಲನ್ನು ಸುತ್ತಿಟ್ಟು, ಗೇಟನ್ನು ನಾಲ್ಕು ಸಲ ತೆಗೆದು ಬಿಟ್ಟು ಅಗುಳಿ ಬೀಳುವುದನ್ನು ನೋಡಿ ಬಂದ. ಆ ವಾರವೇ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಬೇಲಿಯ ಒಳಗೇ, ನೀರಿನಿಂದ ತಕ್ಕ ದೂರದಲ್ಲಿ, ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಪ್ಲಗ್ಗನ್ನು ಹಾಕಿಸಿದ. ಸೊಸೆ ಮಗುವನ್ನು ಈಜಿನ ತರಗತಿಗೆ ಸೇರಿಸಿದಳು. ಯಂತ್ರವನ್ನು ಮಗು ಮಲಗಿದ ಮೇಲೆ ಮಾತ್ರ ಓಡಿಸಿ, ಮುಗಿದೊಡನೆ ಮೇಲೆತ್ತಿ ಬೇರೆಡೆ ಇಡುವುದೆಂದು ಗೊತ್ತುಮಾಡಿದರು. ಕೊಳದಲ್ಲಿ ಆಟಿಕೆಯಂಥ ವಸ್ತು ತೇಲಿದರೂ ಹರಿದಾಡಿದರೂ ಮಗುವಿಗೆ ಅದೊಂದು ಕರೆ. ವಾರಕ್ಕೆ ಎರಡು ಬಾರಿ ನೀರಿನ ಪರೀಕ್ಷೆ ಮಾಡುವ ಹೊಣೆಯನ್ನು ನಾನು ಹೊತ್ತೆ. ಫೀನಾಲ್ ರೆಡ್ ಹನಿ ಬಿದ್ದೊಡನೆ ಬಣ್ಣ ತಿರುಗುವುದನ್ನು ನೋಡುವ ಸುಖ ನಿವೃತ್ತಿಯ ನಂತರ ಮತ್ತೆ ದೊರೆಯಿತು.

ಕೇಬಲೇ ಇಲ್ಲದ, ಬ್ಯಾಟರಿಯಿಂದ ನಡೆಯುವ ರೋಬೋಟುಗಳೂ ಈಗ ಬಂದಿವೆ. ಅವುಗಳಿಂದ ಗೇಟಿನ ತೊಂದರೆ ತಪ್ಪೀತು. ಆದರೆ ಚಾರ್ಜು ಮುಗಿದಾಗ ತಳದಲ್ಲಿ ಕುಳಿತುಬಿಟ್ಟರೆ ಕೋಲಿಗೆ ಕೊಕ್ಕೆ ಸಿಕ್ಕಿಸಿ ಎತ್ತಬೇಕು. ನಮ್ಮ ಪಾತಾಳಗರಡಿಯ ಮೊಮ್ಮಗನೆನ್ನಿ. ಅಂದರೆ ಪ್ರತಿ ಹೊಸ ಸಾಧನವೂ ಒಂದು ಕೆಲಸವನ್ನು ಇಳಿಸಿ ಇನ್ನೊಂದು ಬಗೆಯ ಎಚ್ಚರವನ್ನು ಬೇಡುತ್ತದೆ. ಆ ಎಚ್ಚರವನ್ನು ಸಾಧನದ ಜೊತೆಗೇ ಪೆಟ್ಟಿಗೆಯಲ್ಲಿಟ್ಟು ಯಾರೂ ಮಾರುವುದಿಲ್ಲ.

ಇದು ಅಮೆರಿಕದವರ ಕಥೆ, ನಮಗೇಕೆ ಎನ್ನಬೇಡಿ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಿಮ್ಮಲ್ಲಿ ಎಷ್ಟೋ ಮಂದಿಯ ಹೊಲಗಳಲ್ಲಿ ಕೃಷಿ ಹೊಂಡಗಳಾಗಿವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಆ ಇಳಿಜಾರಿನಲ್ಲಿ ಜಾರಿದರೆ ಈಜು ಬಲ್ಲವನಿಗೂ ಹತ್ತಿ ಬರುವುದು ಕಷ್ಟ. ನೀರು ನಿಂತದ್ದನ್ನು ಕಂಡು ಹಿಗ್ಗುವ ನಾವು, ಸುತ್ತ ಬೇಲಿ ಇದೆಯೇ, ಹಿಡಿದು ಮೇಲೇರಲು ಒಂದು ಹಗ್ಗವಾದರೂ ಇಳಿಬಿಟ್ಟಿದೆಯೇ ಎಂದು ನೋಡುತ್ತೇವೆಯೇ? ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೊಳವಿರುವ ನಮ್ಮ ಬಂಧುಗಳಿಗೂ ಇದೇ ಪ್ರಶ್ನೆ. ತಳ ಹೊಳೆಯುತ್ತಿದೆಯೆಂದು ಸಮಾಧಾನಪಡುವ ಮುನ್ನ ಗೇಟಿನ ಅಗುಳಿಯನ್ನೊಮ್ಮೆ ಕೈಯಾರೆ ಎಳೆದು ನೋಡಿ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ. ಏನು ಕೆಲಸ ಉಳಿಯಿತು ಎಂದು ಕೇಳಿದೆಯಲ್ಲಪ್ಪ, ನೋಡುವ ಕೆಲಸ ಉಳಿದಿದೆ. ಉಜ್ಜುವ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸೋಣ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಅದರಿಂದ ಉಳಿದ ಎರಡು ಗಂಟೆಯಲ್ಲಿ ಹತ್ತು ನಿಮಿಷವನ್ನಾದರೂ ನೀರನ್ನೂ ಗೇಟನ್ನೂ ಮಗುವನ್ನೂ ನೋಡಲು ಕೊಡಬೇಕು. ಆ ಹತ್ತು ನಿಮಿಷವನ್ನೂ ಫೋನಿಗೇ ಕೊಟ್ಟರೆ, ತೊಳೆದ ಕೊಳ ತೊಳೆಯದ ಕೊಳಕ್ಕಿಂತ ಹೆಚ್ಚು ಅಪಾಯದ್ದು.

ಮೊಮ್ಮಗಳು ಈಗ ನೀರಿನಲ್ಲಿ ಬೆನ್ನಿನ ಮೇಲೆ ತೇಲುವುದನ್ನು ಕಲಿತಿದ್ದಾಳೆಂದು ಸೊಸೆ ಫೋನಿನಲ್ಲಿ ತಿಳಿಸಿದಳು. ನಾನು ಕೇಳಿದ್ದು ಒಂದೇ ಮಾತು: “ಗೇಟಿನ ಅಗುಳಿ ಬೀಳುತ್ತಿದೆಯೇನಮ್ಮ?” ಅವಳು ನಕ್ಕು, “ದಿನಾ ನೋಡುತ್ತೇವೆ ಮಾವ” ಎಂದಳು.